ಎಲೆ ಶೆಡ್ಡಿನ ಒಂಬತ್ತನೇ ತರಗತಿ

ಸಣ್ಣ ಬೆಳೆಗಾರರ ಸಂಘದ ಅಧ್ಯಕ್ಷ ನಮ್ಮ ಮನೆಗೆ ಬಂದಾಗ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಏಳಕ್ಕೆ ಬರುತ್ತೇನೆ ಎಂದಿದ್ದ. ತಡವಾಯಿತೆಂದು ನಾನು ಹೇಳಲಿಲ್ಲ, ಅವನೇ ಹೇಳಿದ. ಐವತ್ತು ದಾಟಿದ ಮನುಷ್ಯ, ಸ್ವಂತ ಟೀ ತೋಟ, ಹಟ್ಟಿಯಲ್ಲಿ ಒಳ್ಳೆಯ ಹೆಸರು. ನನ್ನ ಮುಂದೆ ಬಂದರೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾನೆ. ಏಳನೇ ತರಗತಿಯಲ್ಲಿ ಅವನಿಗೆ ಭಿನ್ನರಾಶಿ ಕಲಿಸಿದವಳು ನಾನು.

"ಕುಳಿತುಕೋ" ಎಂದೆ.

"ಇಲ್ಲೆ ಟೀಚರ್, ನಿಂತೇ ಹೇಳ್ತೀನಿ. ಆ ಎಲೆ ಶೆಡ್ ವಿಷಯ."

ವಿಷಯ ನನಗೆ ಗೊತ್ತಿತ್ತು. ಬಡಗರ ಊರಾದ ನಮ್ಮ ಹಟ್ಟಿ ಊಟಿಯ ಆಚೆ, ಇತ್ತಲಾರಿನ ಕಡೆಯ ಇಳಿಜಾರಿನಲ್ಲಿದೆ. ಹೈಸ್ಕೂಲಿನ ಕಾಂಪೌಂಡಿಗೆ ಒತ್ತಿಕೊಂಡೇ ಸಂಘದ ಶೆಡ್ ಇದೆ. ತಗಡಿನ ಮಾಡು, ಸಿಮೆಂಟಿನ ನೆಲ, ಮೂರು ಕಡೆ ಗೋಡೆ, ಕಣಿವೆಯ ಕಡೆ ಪೂರ್ತಿ ತೆರೆದದ್ದು. ಮೊದಲು ಎಲ್ಲರೂ ಕೊಯ್ದ ಎಲೆಯನ್ನು ಅಲ್ಲಿಗೆ ತಂದು ತೂಗಿಸುತ್ತಿದ್ದರು. ಈಗ ಫ್ಯಾಕ್ಟರಿಯ ಲಾರಿ ಮೇಲಿನ ತಿರುವಿಗೇ ಬಂದು ಎಲೆ ತೆಗೆದುಕೊಳ್ಳುತ್ತದೆ. ಶೆಡ್ ಖಾಲಿ ಬಿದ್ದಿತ್ತು. ಶಾಲೆಗೆ ಹೊಸದಾಗಿ ಬಂದ ಗಣಿತ ವಿಜ್ಞಾನದ ಟೀಚರಮ್ಮ ಅದನ್ನು ಕೇಳಿ ಪಡೆದು, ಒಂಬತ್ತನೇ ತರಗತಿಯನ್ನು ವಾರಕ್ಕೆ ಎರಡು ದಿನ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಬೆಂಚಿಲ್ಲ, ಕಪ್ಪುಹಲಗೆಯೂ ಇಲ್ಲ. ಹಟ್ಟಿಯಲ್ಲಿ ಮಾತಾಗಲು ಅಷ್ಟು ಸಾಕಿತ್ತು.

"ಸಂಘದಲ್ಲಿ ಎರಡು ಪಾರ್ಟಿ ಆಗಿದೆ ಟೀಚರ್. ಹಿರಿಯಜ್ಜ ಅಲ್ಲಿ ಗೊಬ್ಬರದ ಮೂಟೆ ಇಡಬೇಕು ಅಂತಾರೆ. ಮಕ್ಕಳು ಅಲ್ಲಿ ಆಟ ಆಡ್ತಾರೆ, ಪಾಠ ಎಲ್ಲಿದೆ ಅಂತ ಕೇಳ್ತಾರೆ. ನೀವು ಒಂದು ತಿಂಗಳು ಹೋಗಿ ಕುಳಿತು ನೋಡಿ. ನೀವು ಪಾಠ ಅಂದರೆ ಶೆಡ್ ಶಾಲೆಗೆ. ನೀವು ಆಟ ಅಂದರೆ ಗೊಬ್ಬರಕ್ಕೆ. ನಿಮ್ಮ ಮಾತಿಗೆ ಎದುರು ಹೇಳೋರು ಎಮ್ಮ ಹಟ್ಟಿಯಲ್ಲಿ ಇಲ್ಲೆ."

"ನಾನೇ ಏಕೆ?"

ಅವನು ಸ್ವಲ್ಪ ಯೋಚಿಸಿದ. "ನಿಮ್ಮ ಕ್ಲಾಸಲ್ಲಿ ಯಾರೂ ನಕ್ಕಿದ್ದು ಯಾರಿಗೂ ನೆನಪಿಲ್ಲ ಟೀಚರ್" ಎಂದ.

ಹೊಗಳಿಕೆಯೋ ದೂರೋ ಎಂದು ನಾನು ಕೇಳಲಿಲ್ಲ. ಒಪ್ಪಿಕೊಂಡೆ.

ನಾನು ಬೆಳೆದದ್ದೇ ಗಂಟೆಯ ಸದ್ದಿನಲ್ಲಿ. ಹತ್ತನೆಯ ವಯಸ್ಸಿಗೆ ಅಪ್ಪ ಊಟಿಯ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಏಳಲು ಒಂದು ಗಂಟೆ, ಮುಖ ತೊಳೆಯಲು ಒಂದು, ಗಂಜಿಗೆ ಒಂದು, ಬೂಟಿನ ಲೇಸು ಕಟ್ಟಲು ಕೂಡ ಒಂದು. ಚಳಿಯಲ್ಲಿ ಬೆರಳು ಮರಗಟ್ಟಿದ್ದರೂ ಎರಡು ನಿಮಿಷದಲ್ಲಿ ಲೇಸು ಬಿಗಿಯಬೇಕು. ಈಗಲೂ ನನಗೆ ಒಂದು ನಿಮಿಷ ನಲವತ್ತು ಸೆಕೆಂಡು ಸಾಕು. ಆಮೇಲೆ ಮೈಸೂರಿನಲ್ಲಿ ಬಿ.ಎಡ್. ಓದಿ, ಮನೆಯಲ್ಲಿ ತಾತನ ಕಾಲದಿಂದ ಇದ್ದ ಕನ್ನಡದ ಓದನ್ನು ಗಟ್ಟಿ ಮಾಡಿಕೊಂಡು, ಇಲ್ಲಿಗೆ ಬಂದು ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದೆ. ನನ್ನ ತರಗತಿಯಲ್ಲಿ ಬೆಂಚುಗಳ ಕಾಲು ಎಲ್ಲಿರಬೇಕೆಂದು ನೆಲದ ಮೇಲೆ ಸುಣ್ಣದ ಗುರುತು ಇತ್ತು. ಇದರಿಂದ ಯಾರಿಗೂ ನಷ್ಟವಾಗಿಲ್ಲ ಎಂದು ಈಗಲೂ ನಂಬಿದ್ದೇನೆ.

ಮೊದಲ ಮಂಗಳವಾರ ಒಂಬತ್ತೂವರೆಯ ತರಗತಿಗೆ ಒಂಬತ್ತು ಇಪ್ಪತ್ತೈದಕ್ಕೆ ಶೆಡ್ಡಿನ ಬಾಗಿಲಲ್ಲಿದ್ದೆ. ಕೈಯಲ್ಲಿ ಒಂದು ನೋಟ್‌ಪುಸ್ತಕ. ಎಡಗಡೆ ಪುಟಕ್ಕೆ 'ಪಾಠ', ಬಲಗಡೆ ಪುಟಕ್ಕೆ 'ಆಟ' ಎಂದು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ.

ಟೀಚರಮ್ಮ ಗೂಡಲೂರಿನವಳು. ಮೂವತ್ತು ಆಗಿರಲಿಕ್ಕಿಲ್ಲ. ಹಟ್ಟಿಯಲ್ಲೇ ಒಂದು ಕೋಣೆ ಬಾಡಿಗೆ ಹಿಡಿದು, ಶುಕ್ರವಾರ ಸಂಜೆ ನಡುವಟ್ಟಂ ಮೇಲೆ ಬಸ್ಸಿನಲ್ಲಿ ಮನೆಗೆ ಇಳಿಯುತ್ತಿದ್ದಳು. ಗೂಡಲೂರಿನವರಿಗೆ ನಾಲ್ಕು ಭಾಷೆ ಒಂದೇ ಬಾಯಲ್ಲಿ ಇರುತ್ತದೆ. ಇವಳು ನನ್ನೊಂದಿಗೆ ಆಡುತ್ತಿದ್ದ ಕನ್ನಡದಲ್ಲಿ ಮಲಯಾಳದ ರಾಗ ಇತ್ತು.

"ಬನ್ನಿ ಟೀಚರೇ. ನೀವು ಏಕೆ ಬಂದಿರಿ ಅಂತ ನನಗೆ ಗೊತ್ತುಂಟು" ಎಂದಳು. ನಗುತ್ತಲೇ ಹೇಳಿದಳು. ಆದರೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. "ಈ ಶೆಡ್ ಹೋದರೆ ನಾವು ಶಾಲೆಯ ಹಳೆಯ ಹಾಲ್‌ಗೆ ಹೋಗಬೇಕು. ಅಲ್ಲಿ ನಡುವೆ ಒಂದು ಸ್ಕ್ರೀನ್, ಆ ಕಡೆ ಎಂಟನೇ ಕ್ಲಾಸು. ಅವರ ಚರಿತ್ರೆ ನಮ್ಮ ಗಣಿತದ ಒಳಗೆ ಬರುತ್ತದೆ."

ನಾನು ಉತ್ತರ ಕೊಡುವ ಮೊದಲೇ ಮಕ್ಕಳು ಸಾಲಾಗಿ ಬಂದರು. ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸುತ್ತಾರೆ, ಹಿರಿಯರು ಆ ತಲೆಯನ್ನು ಮುಟ್ಟಿ ಹರಸುತ್ತಾರೆ. ದಾರಿಯಲ್ಲಿ, ಬಸ್ಸಿನಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಎಲ್ಲಿಯೂ ಬಿಡುವುದಿಲ್ಲ. ನಾನು ಕೆಲಸದಲ್ಲಿದ್ದಾಗ ಟೀಚರ್ ಆಗಿದ್ದೆ. ಮಕ್ಕಳು ಎದ್ದು ಒಟ್ಟಾಗಿ ಗುಡ್ ಮಾರ್ನಿಂಗ್ ಎಂದರೆ ಮುಗಿಯಿತು. ಈಗ ನಾನು ಹಟ್ಟಿಯ ಹಿರಿಯಳು. ಮೂವತ್ತೊಂದು ತಲೆಗಳು ಒಂದೊಂದಾಗಿ ನನ್ನ ಕೈಕೆಳಗೆ ಬಂದವು. "ಬದುಕು, ಒಂದು ಸಾವಿರ ಆಗಲಿ" ಎಂದು ಪ್ರತಿಯೊಂದಕ್ಕೂ ಹೇಳಿದೆ. ಕೊನೆಯ ತಲೆ ಮುಗಿದಾಗ ಗಡಿಯಾರ ನೋಡಿದೆ. ಒಂಬತ್ತು ನಿಮಿಷ. ನೋಟ್‌ಪುಸ್ತಕದಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದೆ ಎರಡು ಪುಟಗಳ ನಡುವಿನ ಹೊಲಿಗೆಯ ಮೇಲೆ ಬರೆದೆ.

ಮಕ್ಕಳು ಗೋಣಿಚೀಲದ ಮೇಲೆ ಐದಾರು ಮಂದಿಯ ಗುಂಪಾಗಿ ಕುಳಿತರು. ನಡುವೆ ಒಂದು ಬಲೆ ಕಟ್ಟಿತ್ತು. ಅದರ ಮೇಲೆ ಐದು ಕೆಜಿ ಹಸಿ ಎಲೆ, ಆ ಬೆಳಗ್ಗೆ ಮಕ್ಕಳೇ ತಮ್ಮ ತಮ್ಮ ತೋಟದಿಂದ ಕೊಯ್ದು ತಂದದ್ದು. ಹಳೆಯ ತೂಗುತಕ್ಕಡಿ, ಗಡಿಯಾರದಂಥ ಮುಖದ್ದು, ತೊಲೆಯಿಂದ ಇನ್ನೂ ನೇತಾಡುತ್ತಿತ್ತು. ಅರ್ಧ ಗಂಟೆಗೊಮ್ಮೆ ಒಂದು ಗುಂಪು ಎದ್ದು ಎಲೆಯನ್ನು ತೂಗಬೇಕು. ಬಾಡುತ್ತಾ ಎಲೆ ಎಷ್ಟು ತೂಕ ಕಳೆದುಕೊಂಡಿತು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ದೊಡ್ಡ ನಕ್ಷೆಯಲ್ಲಿ ಬಿಂದು ಇಡಬೇಕು. ನಕ್ಷೆ ಎಷ್ಟು ದೊಡ್ಡದೆಂದರೆ ಹತ್ತು ಗಂಟೆಯಿಂದ ಹತ್ತೂವರೆಗೆ ಹೋಗಲು ಮಕ್ಕಳು ಎರಡು ಹೆಜ್ಜೆ ನಡೆಯುತ್ತಿದ್ದರು. ಒಂದು ತೂಕಕ್ಕೂ ಇನ್ನೊಂದಕ್ಕೂ ನಡುವೆ ಶೇಕಡ, ಅನುಪಾತ, ಆವಿಯಾಗುವುದು, ಎಲೆಯ ತೂತುಗಳು ಎಲ್ಲ ಬರುತ್ತಿದ್ದವು. ಮಾತು ನಮ್ಮ ಬಡಗದಲ್ಲೇ, ಬರಹ ತಮಿಳಿನಲ್ಲಿ. ನನ್ನ ತರಗತಿಯಲ್ಲಿ ಮನೆಮಾತು ಆಡಿದವರು ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಇಲ್ಲಿ ಟೀಚರಮ್ಮನೇ ಮಕ್ಕಳಿಂದ ಒಂದೊಂದು ಪದ ಕಲಿಯುತ್ತಿದ್ದಳು. ಅವಳು ತಪ್ಪು ಹೇಳಿದಾಗ ಮಕ್ಕಳು ನಗುತ್ತಿದ್ದರು. ಬಲಗಡೆ ಪುಟದಲ್ಲಿ 'ನಗು, ಆರು ಸಲ' ಎಂದು ಬರೆದೆ.

ಹತ್ತೂ ಕಾಲಿಗೆ ಶಾಲೆಯ ಗಂಟೆ ಹೊಡೆಯಿತು. ನಾನು ಎದ್ದು ನಿಂತೆ. ಬೇರೆ ಯಾರೂ ಏಳಲಿಲ್ಲ.

"ಎರಡು ಪೀರಿಯಡ್ ಒಟ್ಟಿಗೆ, ಟೀಚರೇ. ಹನ್ನೊಂದರ ತನಕ" ಎಂದಳು ಟೀಚರಮ್ಮ.

"ಕಾಲು ಚಾಚಲು ಎದ್ದೆ" ಎಂದೆ. ಒಬ್ಬಳು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಏಳು ಸಲ ಎಂದು ತಿದ್ದಿದೆ.

ಆ ಹುಡುಗಿ ನಾಲ್ಕನೆಯ ಗುಂಪಿನ ಮುಖ್ಯಸ್ಥೆ. ಎರಡು ಜಡೆ, ಅಣ್ಣನದಿರಬೇಕು ಎನಿಸುವ ದೊಡ್ಡ ಸ್ವೆಟರು, ಮಣಿಕಟ್ಟಿನಲ್ಲಿ ಪ್ಲಾಸ್ಟಿಕ್ ಗಡಿಯಾರ. ತೂಕ ನೋಡುವ ಹೊತ್ತನ್ನು ಕಾಯುವುದು ಅವಳ ಕೆಲಸ. ಐದು ನಿಮಿಷ ಮೊದಲೇ ಅವಳು ಗಡಿಯಾರವನ್ನು ಸ್ವೆಟರಿನ ತೋಳಿನಿಂದ ಹೊರಗೆ ಎಳೆದಿಟ್ಟುಕೊಳ್ಳುವುದನ್ನು ನೋಡಿದೆ. ಅದನ್ನು ಎಡಗಡೆ ಪುಟದಲ್ಲಿ ಬರೆದೆ.

ಎರಡನೆಯ ವಾರ ಮಳೆ ಹಿಡಿಯಿತು. ತಗಡಿನ ಮಾಡಿನ ಮೇಲೆ ನಮ್ಮ ಕಡೆಯ ಮಳೆ ಬಿದ್ದರೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳುವುದಿಲ್ಲ. ಸರಿ, ಗೊಬ್ಬರವೇ ಗೆದ್ದಿತು ಎಂದುಕೊಂಡು ನೋಟ್‌ಪುಸ್ತಕ ತೆರೆದೆ. ಟೀಚರಮ್ಮ ಎರಡು ಕೈಗಳನ್ನೂ ಮೇಲೆತ್ತಿ ಬೆರಳು ಆಡಿಸಿದಳು. ಮಕ್ಕಳು ಬಾಯಿ ಮುಚ್ಚಿ ಸೀಮೆಸುಣ್ಣ ಎತ್ತಿಕೊಂಡರು. ಅವಳು ನೆಲದ ಮೇಲೆ ಒಂದು ಸಮೀಕರಣ ಬರೆದಳು. ಒಬ್ಬ ಬಂದು ಮುಂದಿನ ಸಾಲು ಬರೆದ. ಇನ್ನೊಬ್ಬಳು ಅವನ ಸಾಲನ್ನು ನೋಡಿ, ಹಿಮ್ಮಡಿಯಿಂದ ಒಂದು ಚಿಹ್ನೆಯನ್ನು ಒರೆಸಿ, ಬೇರೆಯದನ್ನು ಬರೆದಳು. ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ. ಅವಳು ಗೋಡೆಯವರೆಗೂ ಲೆಕ್ಕ ಬಿಡಿಸಿ ತೋರಿಸಿದಳು. ಅವನು ತಲೆ ಕೆರೆದುಕೊಂಡು ಹಿಂದೆ ಸರಿದ. ನಲವತ್ತು ನಿಮಿಷ ಒಂದು ಮಾತಿಲ್ಲದೆ ಮೂವತ್ತೊಂದು ಮಕ್ಕಳು ಜಗಳವಾಡಿದರು. ನೆಲವೆಲ್ಲ ಬೆಳ್ಳಗಾಯಿತು. ನನ್ನ ತರಗತಿ ನಿಶ್ಶಬ್ದವಾಗಿರುತ್ತಿತ್ತು ಎಂದು ಹಟ್ಟಿಯವರು ಇಂದಿಗೂ ಹೇಳುತ್ತಾರೆ. ಆದರೆ ಆ ನಿಶ್ಶಬ್ದದಲ್ಲಿ ಒಂದೇ ಸೀಮೆಸುಣ್ಣ ಓಡುತ್ತಿತ್ತು, ಅದು ನನ್ನದು.

ಎಡಗಡೆ ಪುಟ ತುಂಬುತ್ತಾ ಬಂತು. ಬಲಗಡೆಯದೂ ತುಂಬುತ್ತಿತ್ತು.

ಮೂರನೆಯ ವಾರ ತಪ್ಪು ನನ್ನಿಂದಲೇ ಆಯಿತು. ಅಂದು ಒಂಬತ್ತೂವರೆಗೆ ಎಲೆ ಐದು ಕೆಜಿ. ಹತ್ತಕ್ಕೆ ನಾಲ್ಕು ಕೆಜಿ ಒಂಬೈನೂರು. ಹತ್ತೂವರೆಗೆ ನಾಲ್ಕು ಕೆಜಿ ಎಂಟುನೂರು. ಮೂರು ಬಿಂದುಗಳೂ ಒಂದೇ ಗೆರೆಯ ಮೇಲೆ ಬಂದದ್ದನ್ನು ನೋಡಿ ನನಗೆ ಕುಳಿತಿರಲು ಆಗಲಿಲ್ಲ. ಕೋಲೊಂದನ್ನು ನೆಲಕ್ಕಿಟ್ಟು ಗೆರೆಯನ್ನು ನೇರವಾಗಿ ಮುಂದಕ್ಕೆಳೆದೆ.

"ಹನ್ನೊಂದಕ್ಕೆ ನಾಲ್ಕು ಕೆಜಿ ಏಳುನೂರು. ಇದಕ್ಕೆ ತೂಗಲೇಬೇಕು ಅಂತಿಲ್ಲ. ತ್ರೈರಾಶಿ ಸಾಕು" ಎಂದು ಬಿಂದು ಇಟ್ಟೆ.

ಟೀಚರಮ್ಮ ಹೊರಗೆ ನೋಡಿದಳು. ತೆರೆದ ಕಡೆಯಿಂದ ಕಣಿವೆಯ ಮಂಜು ಏರುತ್ತಿತ್ತು. ಮೊದಲು ತೋಟ ಮುಚ್ಚಿತು, ಆಮೇಲೆ ಬೇಲಿ, ಆಮೇಲೆ ಮಂಜು ಶೆಡ್ಡಿನೊಳಗೇ ಬಂದು ಎಲೆಯ ಬಲೆಯ ಸುತ್ತ ನಿಂತಿತು. ಹನ್ನೊಂದಕ್ಕೆ ಸರಿಯಾಗಿ ಎರಡು ಜಡೆಯ ಹುಡುಗಿ ತೂಗಿದಳು. ಮುಳ್ಳನ್ನು ನೋಡಿದಳು. ನನ್ನನ್ನು ನೋಡಿದಳು.

"ಎಷ್ಟು?" ಎಂದೆ.

"ನಾಲ್ಕು ಕೆಜಿ ಎಂಟುನೂರ ಐವತ್ತು."

"ಸರಿಯಾಗಿ ಓದು. ಬಾಡಿದ ಎಲೆ ಭಾರ ಆಗುವುದಿಲ್ಲ."

ಅವಳು ಮತ್ತೆ ತೂಗಿದಳು. ಹಿರಿಯರಿಗೆ ತಪ್ಪು ಎಂದು ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಬೆಳಗ್ಗೆ ತಲೆ ಮುಟ್ಟಿ ಹರಸಿದವರಿಗಂತೂ ಇಲ್ಲವೇ ಇಲ್ಲ. ಅವಳು ಸ್ವೆಟರಿನ ತೋಳನ್ನು ಮೇಲೆಳೆದುಕೊಂಡಳು, ಕೆಳಗೆಳೆದುಕೊಂಡಳು.

"ಟೀಚರ್ ಹೆತ್ತೆ," ಎಂದಳು. ಹೆತ್ತೆ ಎಂದರೆ ನಮ್ಮ ಮಾತಿನಲ್ಲಿ ಅಜ್ಜಿ. ಮಕ್ಕಳು ನನಗೆ ಎರಡನ್ನೂ ಸೇರಿಸಿ ಹೆಸರಿಟ್ಟಿದ್ದರು. "ತಕ್ಕಡಿ ಸರಿ ಇದೆ. ಎಲೆ ಮಂಜು ಕುಡಿದಿದೆ. ನಿಮ್ಮ ಗೆರೆ ಮಂಜನ್ನು ಕೇಳಲಿಲ್ಲ."

ಎಲೆಯನ್ನು ಮುಟ್ಟಿ ನೋಡಿದೆ. ಬೆರಳು ಒದ್ದೆಯಾಯಿತು. ಟೀ ಬೆಳೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಮಂಜಿನ ಎಲೆ ಭಾರ ಎಂಬುದು ನಡೆಯಲು ಕಲಿಯುವ ಮೊದಲೇ ಗೊತ್ತಿದ್ದ ಸಂಗತಿ. ಕೋಲು ಹಿಡಿದ ಕೂಡಲೇ ಮರೆತಿದ್ದೆ.

ಹುಡುಗಿ ನನ್ನ ಬಿಂದುವನ್ನು ಮರ್ಯಾದೆಗೆಂದು ಕಾಲಿನಿಂದ ಒರೆಸಲು ಹೋದಳು.

"ಒರೆಸಬೇಡ" ಎಂದೆ. "ಹಾಗೇ ಇರಲಿ. ನಿನ್ನ ಬಿಂದು ಮೇಲೆ, ನನ್ನದು ಕೆಳಗೆ. ಎರಡರ ನಡುವೆ ಎಷ್ಟು ನೀರು ಇದೆ, ಅದನ್ನು ಲೆಕ್ಕ ಹಾಕಿ."

"ನೂರ ಐವತ್ತು ಗ್ರಾಂ" ಎಂದು ಹಿಂದಿನಿಂದ ಮೂರು ಧ್ವನಿ ಬಂದವು. ಒಬ್ಬ ಮೆಲ್ಲಗೆ, "ಒಂದು ಲೋಟ ತಪ್ಪು" ಎಂದ. ನಗು ಎಷ್ಟು ಸಲ ಎಂದು ಅಂದು ಎಣಿಸಲಿಲ್ಲ.

ನಾಲ್ಕನೆಯ ವಾರದ ಗುರುವಾರ ಸಂಘದ ಏಳು ಮಂದಿ ಬಂದು ನೋಡುವುದು, ಅಲ್ಲೇ ನನ್ನ ಮಾತು ಕೇಳಿ ತೀರ್ಮಾನಿಸುವುದು ಎಂದಾಯಿತು. ಹತ್ತಕ್ಕೆ ಬರುತ್ತಾರೆ. ಹನ್ನೊಂದಕ್ಕೆ ಮೇಲಿನ ತಿರುವಿಗೆ ಎಲೆ ಲಾರಿ ಬರುತ್ತದೆ, ಅಷ್ಟರೊಳಗೆ ಎಲ್ಲ ಮುಗಿಯಬೇಕು. ಟೀಚರಮ್ಮ ಹಿಂದಿನ ಸಂಜೆ ನಮ್ಮ ಮನೆಗೆ ಬಂದಳು. ಚಹಾ ಕುಡಿಯದೆ ಲೋಟವನ್ನು ತಿರುಗಿಸುತ್ತಾ ಕುಳಿತಳು.

"ನಿಮ್ಮ ಮನಸ್ಸಿನಲ್ಲಿ ಏನುಂಟು ಅಂತ ನಾನು ಕೇಳುವುದಿಲ್ಲ ಟೀಚರೇ. ಆದರೆ ಅವರು ಒಂದು ತೂಕವಾದರೂ ನೋಡಬೇಕು. ನೋಡದೆ ತೀರ್ಮಾನ ಮಾಡಬಾರದು."

ಆ ವಿಷಯ ನನಗೆ ಬಿಡು ಎಂದೆ. ನಿಮಿಷದ ಲೆಕ್ಕದ ವೇಳಾಪಟ್ಟಿ ಬರೆದೆ. ಹತ್ತರಿಂದ ಹತ್ತೂ ಹತ್ತು, ಮಕ್ಕಳನ್ನು ಹರಸುವುದು. ಆಮೇಲೆ ಇಪ್ಪತ್ತು ನಿಮಿಷ ನೆಲದ ನಕ್ಷೆಯ ವಿವರಣೆ. ಹತ್ತೂವರೆಗೆ ಸರಿಯಾಗಿ ತೂಕ. ಹತ್ತೂ ನಲವತ್ತರಿಂದ ಪ್ರಶ್ನೆ, ಹತ್ತೂ ಐವತ್ತಕ್ಕೆ ತೀರ್ಮಾನ. ನನಗೆ ಮೂವತ್ತೊಂದು ಮಕ್ಕಳಿಗೆ ಒಂಬತ್ತು ನಿಮಿಷ ಹಿಡಿದಿತ್ತು. ಏಳು ಮಂದಿ ಸಾಲಾಗಿ ನಿಂತರೆ ಮಕ್ಕಳು ಒಬ್ಬರಿಂದ ಒಬ್ಬರಿಗೆ ಹರಿಯುತ್ತಾ ಹೋಗುತ್ತಾರೆ. ಹತ್ತು ನಿಮಿಷ ಧಾರಾಳ ಎಂದು ಟೀಚರಮ್ಮನಿಗೆ ಪಟ್ಟಿ ಓದಿ ಹೇಳಿದೆ. ಅವಳು ಚಹಾ ಕುಡಿದಳು.

ಹಿರಿಯಜ್ಜನನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅವರಿಗೆ ಎಂಬತ್ತು ದಾಟಿದೆ. ತಲೆಗೆ ಬಿಳಿಯ ಮುಂಡಾಸು, ಮೈಮೇಲೆ ಬಿಳಿಯ ಹೊದಿಕೆ, ಕೈಯಲ್ಲಿ ಕೋಲು. ಎಲ್ಲರಿಗಿಂತ ಹಿರಿಯರಾದ್ದರಿಂದ ಸಾಲಿನ ತಲೆಯಲ್ಲಿ ಅವರೇ ನಿಂತರು. ಮೊದಲ ಹುಡುಗ ತಲೆ ಬಾಗಿಸಿದ. ಅವರು ಕೈಯಿಟ್ಟರು. ಹರಸಲಿಲ್ಲ.

"ಯಾರ ಮನೆ ಕೂಸು ನೀ?"

ಹುಡುಗ ಹೇಳಿದ.

"ಓ. ನಿನ್ನ ಹೆತ್ತೆಗೆ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚುತ್ತಾಳಾ? ಕಾದ ಎಣ್ಣೆ ಹಚ್ಚಬೇಕು ಅಂತ ಹೇಳು. ಬದುಕು, ಒಂದು ಸಾವಿರ ಆಗಲಿ. ಮುಂದಿನವ ಬಾ."

ಮುಂದಿನವನ ಮನೆಯಲ್ಲಿ ಎಮ್ಮೆ ಕರು ಹಾಕಿತ್ತು. ಅದರ ನಂತರದವಳ ಸೋದರಮಾವ ಕೋತಗಿರಿಯಲ್ಲಿ ಮನೆ ಕಟ್ಟಿಸುತ್ತಿದ್ದ. ಹಿರಿಯಜ್ಜ ಎಲ್ಲವನ್ನೂ ಕೇಳಿ ತಿಳಿದು, ಆಮೇಲೆ ಹರಸುತ್ತಿದ್ದರು. ಅವರ ಆಚೆ ನಿಂತ ಆರು ಮಂದಿ ಕೈ ಚಾಚಿ ಕಾಯುತ್ತಿದ್ದರು. ಅವರಿಗೆ ನಿಮಿಷಕ್ಕೊಂದು ತಲೆ ಸಿಗುವುದೇ ಕಷ್ಟವಾಗಿತ್ತು. ಹತ್ತೂ ಹತ್ತು ಆಯಿತು. ಆರು ಮಕ್ಕಳು ಮುಗಿದಿದ್ದರು.

ಅಧ್ಯಕ್ಷ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಎಂಬತ್ತರ ಹಿರಿಯರ ಕೈಯನ್ನು ತಲೆಯ ಮೇಲಿಂದ ಎತ್ತಿಸುವ ಅಧಿಕಾರ ಇಬ್ಬರಿಗೂ ಇರಲಿಲ್ಲ. ಹತ್ತೂ ಇಪ್ಪತ್ತು. ಟೀಚರಮ್ಮನ ಸೆರಗು ಅವಳ ಬೆರಳಿಗೆ ಮೂರು ಸುತ್ತು ಸುತ್ತಿಕೊಂಡಿತ್ತು. ವೇಳಾಪಟ್ಟಿಯನ್ನು ಮಡಿಸಿ ಪುಸ್ತಕದೊಳಗಿಟ್ಟೆ. ಈ ವೇಗದಲ್ಲಿ ಕೊನೆಯ ಹುಡುಗ ಹರಸಿಕೊಳ್ಳುವಾಗ ಲಾರಿ ಬರುವ ಹೊತ್ತಾಗಿರುತ್ತದೆ. ಏಳು ಮಂದಿಯೂ ತಲೆ ಮುಟ್ಟಿ, ಎಲೆ ತೂಗಿಸಲು ಹತ್ತಿಹೋಗುತ್ತಾರೆ. ಅವರು ಶೆಡ್ಡಿನಲ್ಲಿ ನೋಡಿದ್ದು ತಮ್ಮದೇ ಕೈಗಳನ್ನು ಮಾತ್ರ ಎಂದಾಗುತ್ತದೆ.

ಹದಿನೆಂಟನೆಯವಳು ಎರಡು ಜಡೆಯ ಹುಡುಗಿ. ಹಿರಿಯಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು. "ಯಾರ ಮನೆ ಕೂಸು ನೀ?" ಎಂದರು. ಅವಳು ತಲೆ ಬಾಗಿಸಿಕೊಂಡೇ ಉತ್ತರ ಹೇಳಿದಳು. ಬಾಗಿದ ತಲೆಯಿಂದ ಅವಳಿಗೆ ಕಾಣುತ್ತಿದ್ದದ್ದು ತನ್ನ ಮಣಿಕಟ್ಟು. ಅವರು ಅವಳ ತಾತನ ಸುದ್ದಿ ಎತ್ತಿದರು. ಅವಳು ಒಮ್ಮೆ ಗಡಿಯಾರ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಮಂಡಿ ಬಗ್ಗಿಸಿ, ಕೈಯ ಕೆಳಗಿನಿಂದ ಜಾರಿ, ತಕ್ಕಡಿಯ ಕಡೆ ಹೋದಳು.

ಹಿರಿಯಜ್ಜನ ಕೈ ಗಾಳಿಯಲ್ಲಿ ಉಳಿಯಿತು. ಅಂಥದ್ದನ್ನು ಆ ಹಟ್ಟಿಯಲ್ಲಿ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

"ಏ ಕೂಸೇ, ಎಲ್ಲಿಗೆ ಹೋದೆ?"

"ಹತ್ತೂವರೆ ಆತು ಅಜ್ಜ" ಎಂದಳು ಅವಳು, ಬಲೆಯನ್ನು ಕೊಕ್ಕೆಗೆ ಸಿಕ್ಕಿಸುತ್ತಾ. "ಎಲೆ ತೂಗಬೇಕು. ತಡ ಆದರೆ ಬಿಂದು ತಪ್ಪಾಗುತ್ತದೆ. ತೂಗಿ ಬಂದು ತಲೆ ಕೊಡ್ತೀನಿ."

ಹಿರಿಯಜ್ಜ ಕೋಲೂರುತ್ತಾ ಅವಳ ಹಿಂದೆಯೇ ಹೊರಟರು. ಬೈಯಲು ಹೋಗುತ್ತಿದ್ದಾರೆ ಎಂದು ಎಲ್ಲರೂ ಎಣಿಸಿದೆವು. ಅವರು ಬಲೆಯ ಹತ್ತಿರ ನಿಂತು ಒಂದು ಹಿಡಿ ಎಲೆ ತೆಗೆದು ಹಿಸುಕಿದರು, ಮೂಸಿದರು.

"ಇದು ಎಷ್ಟು ಎಲೆ?"

"ಒಂಬತ್ತೂವರೆಗೆ ಐದು ಕೆಜಿ ಅಜ್ಜ."

"ಈಗ ನಾಲ್ಕು ಕೆಜಿ ಏಳುನೂರು" ಎಂದರು. "ತಕ್ಕಡಿ ಬೇಡ. ಅರವತ್ತು ವರ್ಷ ಎಲೆ ಹಿಡಿದ ಕೈ ಇದು."

ಮುಳ್ಳು ನಿಂತಿತು. ಹುಡುಗಿ ಓದಿದಳು. "ನಾಲ್ಕು ಕೆಜಿ ಆರುನೂರ ಐವತ್ತು."

"ತಕ್ಕಡಿ ತಪ್ಪು."

"ಟೀಚರ್ ಹೆತ್ತೆಯೂ ಹಾಗೇ ಅಂದರು ಅಜ್ಜ. ಅಲ್ಲಿ ನೋಡಿ, ಅವರ ಬಿಂದು."

ಹಿರಿಯಜ್ಜ ನೆಲ ನೋಡಿದರು. ಒಂದು ವಾರದಿಂದ ಯಾರ ಕಾಲೂ ತಾಗದಂತೆ ಮಕ್ಕಳು ಅದರ ಸುತ್ತ ಸಣ್ಣ ಕಲ್ಲಿಟ್ಟಿದ್ದರು. ಅವರು ನನ್ನ ಕಡೆ ತಿರುಗಿದರು. "ಏನು ತಂಗೆ, ನಿನ್ನ ಲೆಕ್ಕವೂ ತಪ್ಪಿತ್ತಾ?"

ಅಧ್ಯಕ್ಷನ ಸಹಿತ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಆ ಸಾಲಿನಲ್ಲಿದ್ದರು. "ತಪ್ಪಿತ್ತು ಅಣ್ಣ" ಎಂದೆ. "ನೂರ ಐವತ್ತು ಗ್ರಾಂ. ನಿಮ್ಮದು ಐವತ್ತೇ."

ಅಧ್ಯಕ್ಷ ಕಟ್ಟಿದ್ದ ಕೈ ಬಿಟ್ಟ. ಮೊದಲು ನಕ್ಕವನು ಅವನೇ.

ಹಿರಿಯಜ್ಜನಿಗೆ ಐವತ್ತು ಗ್ರಾಂ ಸಮಾಧಾನ ಕೊಡಲಿಲ್ಲ. ಎಲೆ ಎಲ್ಲಿಂದ ಬಂತು, ಯಾವ ಕಡೆಯ ತೋಟ, ಕೊಯ್ದದ್ದು ಎಷ್ಟಕ್ಕೆ, ಇಬ್ಬನಿ ಇತ್ತೋ ಇಲ್ಲವೋ ಎಂದು ಕೇಳತೊಡಗಿದರು. ಮಕ್ಕಳು ಉತ್ತರ ಹೇಳಿದರು, ಮರುಪ್ರಶ್ನೆ ಹಾಕಿದರು. ಬಿಂದುಗಳು ಮೊದಲು ಬೇಗ ಇಳಿದು ಆಮೇಲೆ ಏಕೆ ನಿಧಾನವಾಗುತ್ತವೆ ಎಂದು ಒಬ್ಬ ಕೇಳಿದ್ದಕ್ಕೆ, ಬಲಿತ ಎಲೆ, ಎಳೆಯ ಎಲೆ, ಕಾಂಡ ಒಂದೊಂದೂ ನೀರು ಬಿಡುವ ಬಗೆ ಬೇರೆ ಎಂದು ವಿವರಿಸಲು ಹೋಗಿ, ನಿಂತು ಸಾಕಾಗಿ ಗೋಣಿಯ ಮೇಲೆ ಕುಳಿತರು. ಎಲೆಯನ್ನು ಮೂರು ಗುಡ್ಡೆ ಮಾಡಿದರು. ಅವುಗಳನ್ನು ಬೇರೆ ಬೇರೆ ತೂಗಿ ಮೂರು ಗೆರೆ ಎಳೆಯಬಹುದು ಎಂದು ಟೀಚರಮ್ಮ ಹೇಳಿದಳು. "ಎಳಿ ನೋಡುವಾ" ಎಂದರು. ಉಳಿದ ಆರು ಮಂದಿಯೂ ಸುತ್ತ ಕುಳಿತರು. ಹರಸುವ ಸಾಲು ಕರಗಿಹೋಗಿತ್ತು. ಹದಿನಾಲ್ಕು ಮಕ್ಕಳಿಗೆ ಆಶೀರ್ವಾದ ಬಾಕಿ ಇತ್ತು, ಯಾರಿಗೂ ನೆನಪಾಗಲಿಲ್ಲ.

ಮೇಲಿನ ತಿರುವಿನಲ್ಲಿ ಲಾರಿ ಹಾರನ್ ಹೊಡೆಯಿತು. ಒಬ್ಬರೂ ಏಳಲಿಲ್ಲ. ಎರಡನೆಯ ಸಲ ಹೊಡೆದಾಗ ಅಧ್ಯಕ್ಷ ಎದ್ದು ನನ್ನ ಮುಂದೆ ಬಂದು ನಿಂತ.

"ಟೀಚರ್, ಲಾರಿ ಹೋಗ್ತದೆ. ಒಂದು ಮಾತು ಹೇಳಿಬಿಡಿ. ಪಾಠವಾ, ಆಟವಾ?"

ಟೀಚರಮ್ಮ ನೆಲ ನೋಡುತ್ತಿದ್ದಳು. ನೋಟ್‌ಪುಸ್ತಕ ತೆರೆದೆ. ಎರಡು ಪುಟಗಳೂ ಸರಿಸಮ ತುಂಬಿದ್ದವು. ಮುಚ್ಚಿದೆ.

"ಹತ್ತೂವರೆಗೆ ತೂಕ ನೋಡಬೇಕಾಗಿತ್ತು" ಎಂದೆ. "ನಾನು ಬರೆದ ವೇಳಾಪಟ್ಟಿ ಹತ್ತೂ ಹತ್ತಕ್ಕೇ ಸತ್ತಿತು. ಈ ಕೂಸು ಹಿರಿಯರ ಕೈ ತಲೆಯ ಮೇಲಿದ್ದರೂ ಹತ್ತೂವರೆಗೆ ತೂಕ ನೋಡಿದಳು. ಹೇಳಿಸಿಕೊಳ್ಳದೆ ನೋಡಿದಳು. ನನ್ನ ತರಗತಿಯಲ್ಲಿ ಹೊತ್ತನ್ನು ಕಾಯುತ್ತಿದ್ದವಳು ನಾನೊಬ್ಬಳೇ. ಇದು ಪಾಠ."

ಹಿರಿಯಜ್ಜ ಗೋಣಿಯ ಮೇಲಿಂದಲೇ ಕೇಳಿದರು. "ಹಾಗಾದರೆ ಗೊಬ್ಬರ ಎಲ್ಲಿಡೋದು?"

"ನಿಮ್ಮ ಜಗಲಿ ದೊಡ್ಡದು ಅಜ್ಜ" ಎಂದ ಅಧ್ಯಕ್ಷ. ಹೀಗೆ ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬಂತೋ ತಿಳಿಯದು.

ಹಿರಿಯಜ್ಜ ಹೊದಿಕೆ ಸರಿಮಾಡಿಕೊಂಡರು. "ಮಳೆಗಾಲ ಮುಗಿಯುವ ತನಕ ಇಟ್ಟುಕೊಳ್ಳುವಾ" ಎಂದರು. ಆಮೇಲೆ ಕೋಲನ್ನು ಹುಡುಗಿಯ ಕಡೆ ತೋರಿಸಿದರು. "ಆದರೆ ಇವಳು ನನ್ನ ಕೈಯನ್ನು ಗಾಳಿಯಲ್ಲಿ ಬಿಟ್ಟು ಹೋದದ್ದು ಸರಿಯಾ?"

ಹುಡುಗಿ ಸೀಮೆಸುಣ್ಣವನ್ನು ನೆಲದ ಮೇಲಿಟ್ಟು ಬಂದು, ಅವರ ಮುಂದೆ ತಲೆ ಬಾಗಿಸಿದಳು. "ಹನ್ನೊಂದರ ತೂಕವೂ ಆತು, ಇನ್ನು ಕೆಲಸ ಇಲ್ಲೆ ಅಜ್ಜ" ಎಂದಳು. ಅವರು ಹರಸಿದರು. ಅವಳ ತಾತನ ಸುದ್ದಿಯನ್ನು ಬಿಟ್ಟ ಕಡೆಯಿಂದ ಎತ್ತಿಕೊಂಡು ಪೂರ್ತಿ ಮಾಡಿದರು.

ಆ ದಿನದಿಂದ ಶೆಡ್ಡಿನಲ್ಲಿ ಒಂದು ಕ್ರಮ ಬಂದಿದೆ. ಹಿರಿಯರು ಯಾರೇ ಬಂದರೂ ಮಕ್ಕಳು ತಲೆ ಬಾಗಿಸುವುದು ಪಾಠ ಮುಗಿದ ಮೇಲೆ. ಆಗ ಹಿರಿಯರಿಗೆ ಬೇಕಾದಷ್ಟು ಹೊತ್ತು. ಇದನ್ನು ಹೇಳಿದವರು ಹಿರಿಯಜ್ಜನೇ ಆದ್ದರಿಂದ ಹಟ್ಟಿ ಒಪ್ಪಿತು. ಗುರುವಾರ ಗುರುವಾರ ಅವರು ಬರುತ್ತಾರೆ. ತೂಕವನ್ನು ಕೈಯಲ್ಲೇ ಹೇಳುತ್ತಾರೆ, ಹುಡುಗಿ ತಕ್ಕಡಿಯಲ್ಲಿ ನೋಡುತ್ತಾಳೆ. ಇಬ್ಬರಿಗೂ ನೆಲದ ಮೇಲೆ ಒಂದೊಂದು ಬಣ್ಣದ ಸೀಮೆಸುಣ್ಣ ಇದೆ. ಅವರ ಜಗಲಿಯಲ್ಲಿ ಗೊಬ್ಬರದ ಮೂಟೆಗಳು ಇನ್ನೂ ಇವೆ. ಮಳೆಗಾಲ ಮುಗಿದು ಬಹಳ ದಿನವಾಯಿತು, ಅವರು ಆ ಮಾತು ಎತ್ತಿಲ್ಲ.

ಮಕ್ಕಳು ನನ್ನನ್ನೂ ಬಿಡಲಿಲ್ಲ. ಮುಂದಿನ ಮಂಗಳವಾರ ನೆಲದ ಮೇಲೆ ಒಂದು ಲೆಕ್ಕ ಕಾದಿತ್ತು. ಏಳು ಹಿರಿಯರು, ಮೂವತ್ತೊಂದು ಮಕ್ಕಳು, ಮೊದಲ ಹಿರಿಯರಿಗೆ ಒಂದು ತಲೆಗೆ ನೂರು ಸೆಕೆಂಡು, ಉಳಿದವರಿಗೆ ಹದಿನೇಳು. ಸಾಲು ಮುಗಿಯಲು ಎಷ್ಟು ಹೊತ್ತು? ನಿಧಾನದವರು ಕೊನೆಯಲ್ಲಿ ನಿಂತರೆ ಎಷ್ಟು? ಬಿಡಿಸಿದೆ. ಎಲ್ಲಿ ನಿಂತರೂ ಸಾಲೆಲ್ಲ ಆ ಒಬ್ಬರ ವೇಗದಲ್ಲೇ ನಡೆಯುತ್ತದೆ, ಹೊತ್ತು ಬದಲಾಗುವುದಿಲ್ಲ. ಐವತ್ತ ಮೂರು ನಿಮಿಷ ಇಪ್ಪತ್ತೆರಡು ಸೆಕೆಂಡು. ನಾನು ಅದಕ್ಕೆ ಹತ್ತು ನಿಮಿಷ ಕೊಟ್ಟಿದ್ದೆ.

ಹುಡುಗಿ ನನ್ನ ಉತ್ತರವನ್ನು ನೋಡಿ ತನ್ನದಕ್ಕೆ ತಾಳೆ ಹಾಕಿದಳು. "ಸರಿ ಇದೆ ಹೆತ್ತೆ" ಎಂದಳು. ಮೂವತ್ತನಾಲ್ಕು ವರ್ಷ ಈ ಮಾತನ್ನು ನಾನು ಬೇರೆಯವರಿಗೆ ಹೇಳುತ್ತಿದ್ದೆ. ಕೇಳಿಸಿಕೊಳ್ಳಲು ಇಷ್ಟು ಚೆನ್ನಾಗಿರುತ್ತದೆಂದು ಗೊತ್ತಿದ್ದರೆ ಇನ್ನೂ ಹೆಚ್ಚು ಸಲ ಹೇಳುತ್ತಿದ್ದೆ.

ಮಂಜಿನ ದಿನದ ನನ್ನ ಬಿಂದು ಈಗ ಸೀಮೆಸುಣ್ಣದ್ದಲ್ಲ. ಯಾರದೋ ಮನೆಯ ಬಾಗಿಲಿಗೆ ಬಳಿದು ಉಳಿದ ನೀಲಿ ಪೇಂಟು ತಂದು ಮಕ್ಕಳು ಅದನ್ನು ಗಟ್ಟಿ ಮಾಡಿದ್ದಾರೆ. ಮುಂದಿನ ವರ್ಷದ ಒಂಬತ್ತನೆಯವರಿಗೂ ಬೇಕು ಎಂದರು. ಮಂಗಳವಾರ ಒಂಬತ್ತು ಇಪ್ಪತ್ತೈದಕ್ಕೆ ಹೋದವಳು ಮೊದಲು ಅದರ ಸುತ್ತಲಿನ ಕಲ್ಲುಗಳನ್ನು ಸರಿಮಾಡಿ, ಆಮೇಲೆ ನನ್ನ ಗೋಣಿಯ ಮೇಲೆ ಕೂರುತ್ತೇನೆ.